ಸೋಲಿಸಿದವರಿಗೇ ಗುರುವಾದ ಗದುಗಿನ ಜೋಶಿ

ಗೆದ್ದವನು ಸೋತವನ ಬಳಿ ಹೋಗಿ ಗೆಲ್ಲುವ ಬಗೆಯನ್ನು ಕಲಿಸಿಕೊಡುವ ಪ್ರಸಂಗಗಳು ಕ್ರೀಡಾಲೋಕದಲ್ಲಿ ವಿರಳ. ಗದುಗಿನ ಸುನಿಲ್ ಜೋಶಿಯವರ ಬಾಳಿನಲ್ಲಿ ಅಂಥದೊಂದು ಪ್ರಸಂಗ ಒದಗಿಬಂದಿತು. 2000ನೆಯ ಇಸವಿಯ ನವೆಂಬರಿನಲ್ಲಿ ಬಾಂಗ್ಲಾದೇಶವು ತನ್ನ ಮೊಟ್ಟಮೊದಲ ಟೆಸ್ಟ್ ಪಂದ್ಯವನ್ನು ಢಾಕಾ ನಗರದಲ್ಲಿ ಆಡಿದಾಗ ಆ ತಂಡದ ಸೋಲಿಗೆ ಮುಖ್ಯ ಕಾರಣರಾದವರು ಜೋಶಿ. ಹದಿನೇಳು ವರ್ಷಗಳ ತರುವಾಯ ಅವರು ಅದೇ ನಗರಕ್ಕೆ ಮರಳಿದರು. ಈ ಸಲ ಎದುರಾಳಿಯಾಗಿ ಅಲ್ಲ, ಬಾಂಗ್ಲಾದೇಶದ ಸ್ಪಿನ್ ಬೌಲರುಗಳ ಶಿಕ್ಷಕರಾಗಿ!

ಮುಂಜಾವಿನ ಹಾದಿ

ವೀರನಾರಾಯಣನ ಗುಡಿಯಿಂದಲೂ ಕುಮಾರವ್ಯಾಸನ ನೆನಪಿನಿಂದಲೂ ಕನ್ನಡಿಗರೆಲ್ಲರಿಗೆ ಪರಿಚಿತವಾದ ಊರು ಗದುಗು. ಆದರೆ ಕ್ರಿಕೆಟಿನ ಮಟ್ಟಿಗೆ ಅದು ಮೂಲೆಯ ಊರೇ ಆಗಿದ್ದಿತು. 1970ರ ಜೂನ್ 6ರಂದು ಜನಿಸಿದ ಸುನಿಲ್ ಜೋಶಿಗೆ ಬಾಲ್ಯದಲ್ಲಿ ಸರಿಯಾದ ಅಭ್ಯಾಸ ದೊರೆಯಬೇಕಾದರೆ ಸುಮಾರು ಅರುವತ್ತು ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಹೋಗಬೇಕಾಗಿದ್ದಿತು. ಬೆಳಗು ಹರಿಯುವ ಮುನ್ನವೇ ಮನೆ ಬಿಟ್ಟು, ಹುಬ್ಬಳ್ಳಿಯಲ್ಲಿ ಅಭ್ಯಾಸ ಮುಗಿಸಿ, ಶಾಲೆಯ ಗಂಟೆ ಬಾರಿಸುವ ಹೊತ್ತಿಗೆ ಗದುಗಿಗೆ ಹಿಂತಿರುಗುವುದು ಆ ಬಾಲಕನ ದಿನಚರಿಯಾಯಿತು.

ರಾಜಧಾನಿಯಿಂದ ದೂರದಲ್ಲಿ ಹುಟ್ಟಿದವರ ಪಾಡು ಎಲ್ಲ ಜಿಲ್ಲೆಗಳಲ್ಲಿಯೂ ಒಂದೇ. ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿ ಸೀಮೆಯನ್ನೇ ನೋಡಿರಿ. ಗುಡ್ಡ, ಕಣಿವೆ, ತೋಟಗಳ ನಡುವೆ ಸಮತಟ್ಟಾದ ಬಯಲು ಸಿಕ್ಕುವುದೇ ದುರ್ಲಭ. ಸಿಕ್ಕರೂ ಮುಂಗಾರು ಹಿಡಿಯಿತೆಂದರೆ ತಿಂಗಳುಗಟ್ಟಲೆ ಆಟದ ಮಾತೇ ಇಲ್ಲ. 2017ರಲ್ಲಿ ಲಾರ್ಡ್ಸ್ ಮೈದಾನದಲ್ಲಿ ಮಹಿಳೆಯರ ವಿಶ್ವಕಪ್ ಅಂತಿಮ ಪಂದ್ಯವನ್ನಾಡಿದ ವೇದಾ ಕೃಷ್ಣಮೂರ್ತಿ ಅದೇ ಜಿಲ್ಲೆಯ ಕಡೂರಿನವರು. ಅವರೂ ಆಟವನ್ನು ಕೈವಶ ಮಾಡಿಕೊಳ್ಳಲು ಬೆಂಗಳೂರಿನ ದಾರಿ ಹಿಡಿಯಬೇಕಾಯಿತು. ಹೀಗೆ ಬಹು ದೂರ ನಡೆದು ಕಲಿತವರಿಗೆ ವಿದ್ಯೆಯ ಬೆಲೆ ತಿಳಿದಿರುತ್ತದೆ. ಜೋಶಿಯವರ ಮುಂದಿನ ಬಾಳನ್ನು ಅರಿಯಲು ಈ ಮಾತನ್ನು ನೆನಪಿನಲ್ಲಿಡುವುದು ಒಳಿತು.

ಎಡಗೈಯ ಕುಶಲತೆ

ಜೋಶಿ ಎಡಗೈ ಸ್ಪಿನ್ನರು. ಇಂಥ ಬೌಲರಿನ ಚೆಂಡು ಬಲಗೈ ದಾಂಡಿಗನ ಕಡೆಗೆ ತೇಲಿಬಂದು, ನೆಲಕ್ಕೆ ತಾಗಿದೊಡನೆ ಅವನಿಂದ ದೂರಕ್ಕೆ ತಿರುಗುತ್ತದೆ. ಆ ತಿರುವನ್ನು ನಂಬಿ ದಾಂಡನ್ನು ಚಾಚಿದವನಿಗೆ ನಡುವೆ ಒಂದು ಚೆಂಡು ತಿರುಗದೆ ನೆಟ್ಟಗೆ ನುಗ್ಗಿಬರುತ್ತದೆ. ಕೈಯ ಚಲನೆ ಎರಡಕ್ಕೂ ಒಂದೇ ಆಗಿ ಕಾಣಬೇಕು. ವಂಚನೆಯೆಲ್ಲ ಬೆರಳ ತುದಿಯಲ್ಲಿ. ಇದು ಒಂದೆರಡು ದಿನಗಳಲ್ಲಿ ಕೈಗೂಡುವ ವಿದ್ಯೆಯಲ್ಲ.

1992–93ರ ಋತುವಿನಲ್ಲಿ ಕರ್ನಾಟಕದ ಪರ ರಣಜಿ ಪಂದ್ಯಗಳನ್ನು ಆಡತೊಡಗಿದ ಜೋಶಿ, 1995–96ರಲ್ಲಿ ಐವತ್ತಕ್ಕೂ ಹೆಚ್ಚು ವಿಕೆಟ್ಟುಗಳನ್ನೂ ಐನೂರಕ್ಕೂ ಹೆಚ್ಚು ರನ್ನುಗಳನ್ನೂ ಗಳಿಸಿ ಎಲ್ಲರ ಕಣ್ಣನ್ನು ಸೆಳೆದರು. ಆ ವರ್ಷ ರಣಜಿ ಟ್ರೋಫಿ ಕರ್ನಾಟಕದ್ದಾಯಿತು. ಮರುವರ್ಷಗಳಲ್ಲಿ, 1997–98 ಮತ್ತು 1998–99ರಲ್ಲಿ, ಅದು ಮತ್ತೆರಡು ಸಲ ನಾಡಿಗೆ ಬಂದಿತು. 1996ರ ಜೂನ್ 6ರಂದು, ತಮ್ಮ ಇಪ್ಪತ್ತಾರನೆಯ ಹುಟ್ಟುಹಬ್ಬದ ದಿನವೇ, ಇಂಗ್ಲೆಂಡಿನ ಎಡ್ಜ್‌ಬಾಸ್ಟನ್ನಿನಲ್ಲಿ ಜೋಶಿ ಭಾರತದ ಟೆಸ್ಟ್ ಆಟಗಾರರಾದರು.

1999ರ ಸೆಪ್ಟೆಂಬರ್ 26ರಂದು ನೈರೋಬಿಯಲ್ಲಿ ನಡೆದುದನ್ನು ಇಂದಿಗೂ ಬಲ್ಲವರು ಬೆರಗಿನಿಂದ ನೆನೆಯುತ್ತಾರೆ. ಎದುರಿಗಿದ್ದುದು ಪ್ರಬಲವಾದ ದಕ್ಷಿಣ ಆಫ್ರಿಕ. ಜೋಶಿಯವರು ಎಸೆದದ್ದು ಹತ್ತು ಓವರು. ಅವುಗಳಲ್ಲಿ ಆರು ಮೇಡನ್. ಕೊಟ್ಟ ರನ್ನು ಕೇವಲ ಆರು. ಕೆಡವಿದ ವಿಕೆಟ್ಟು ಐದು! ಗಿಬ್ಸ್, ಕ್ರೋನ್ಯೆ, ರೋಡ್ಸ್, ಪೊಲಾಕ್‌ರಂಥ ಹೆಸರಾಂತ ದಾಂಡಿಗರು ಆ ದಿನ ಅವರ ಬಲೆಗೆ ಬಿದ್ದರು. ದಕ್ಷಿಣ ಆಫ್ರಿಕ 117 ರನ್ನುಗಳಿಗೆ ಕುಸಿಯಿತು.

ಢಾಕಾದ ಹಿರಿಮೆ, ನಾಗಪುರದ ಮುಕ್ತಾಯ

2000ದ ನವೆಂಬರ್ 10ರಂದು ಢಾಕಾದಲ್ಲಿ ಹಬ್ಬದ ವಾತಾವರಣ. ಮೊದಲ ಟೆಸ್ಟಿನ ಮೊದಲ ಸರದಿಯಲ್ಲಿಯೇ ಬಾಂಗ್ಲಾದೇಶ 400 ರನ್ನುಗಳನ್ನು ಕೂಡಿಹಾಕಿತು. ಅಮೀನುಲ್ ಇಸ್ಲಾಂ ಒಬ್ಬರೇ 145. ಆ ಸರದಿಯಲ್ಲಿ ಜೋಶಿ 142 ರನ್ನಿತ್ತು ಐದು ವಿಕೆಟ್ ಪಡೆದರು. ಬಳಿಕ ದಾಂಡು ಹಿಡಿದು 92 ರನ್ ಹೊಡೆದು ಭಾರತದ ಮೊತ್ತವನ್ನು 429ಕ್ಕೆ ಏರಿಸುವಲ್ಲಿ ನೆರವಾದರು. ಎರಡನೆಯ ಸರದಿಯಲ್ಲಿ ಇನ್ನೂ ಮೂವರನ್ನು ಹೊರದೂಡಿದರು. ಬಾಂಗ್ಲಾದೇಶ 91ಕ್ಕೆ ಕುಸಿಯಿತು. ಭಾರತಕ್ಕೆ ಒಂಬತ್ತು ವಿಕೆಟ್ಟುಗಳ ಜಯ, ಜೋಶಿಗೆ ಪಂದ್ಯಶ್ರೇಷ್ಠರೆಂಬ ಗೌರವ.

ಇಷ್ಟೆಲ್ಲ ಆದ ಮೇಲೆ ಅವರ ಸ್ಥಾನ ಭದ್ರವಾಯಿತೆಂದು ಯಾರಾದರೂ ಭಾವಿಸುವುದು ಸಹಜವೇ. ಆದರೆ ವಿಧಿಯ ಎಣಿಕೆ ಬೇರೆಯಾಗಿದ್ದಿತು. ಅದೇ ತಿಂಗಳ ಕೊನೆಯಲ್ಲಿ ಜಿಂಬಾಬ್ವೆಯ ವಿರುದ್ಧ ನಾಗಪುರದಲ್ಲಿ ಆರಂಭವಾದ ಪಂದ್ಯವೇ ಅವರ ಕಡೆಯ ಟೆಸ್ಟ್ ಆಯಿತು. ಆಡಿದ ಟೆಸ್ಟುಗಳು ಒಟ್ಟು ಹದಿನೈದು, ವಿಕೆಟ್ಟುಗಳು 41. ಅನಿಲ್ ಕುಂಬ್ಳೆಯವರ ಕಾಲದಲ್ಲಿ ಹುಟ್ಟಿದ ಸ್ಪಿನ್ನರಿಗೆ ಅವಕಾಶ ಕಡಮೆ. ಹರಭಜನ್ ಸಿಂಗರು ಮೇಲೇರಿದ ಮೇಲಂತೂ ಇನ್ನೂ ಕಡಮೆ. ಜೋಶಿ ಮುನಿದು ಮನೆಯಲ್ಲಿ ಕೂಡಲಿಲ್ಲ. ಮತ್ತೂ ಒಂದು ದಶಕ ಕಾಲ ಕರ್ನಾಟಕಕ್ಕಾಗಿ ಚೆಂಡೆಸೆದರು. 160 ಪ್ರಥಮ ದರ್ಜೆಯ ಪಂದ್ಯಗಳು, 615 ವಿಕೆಟ್ಟುಗಳು, ಐದು ಸಾವಿರಕ್ಕೂ ಮಿಕ್ಕ ರನ್ನುಗಳು ಅವರ ಲೆಕ್ಕದಲ್ಲಿ ಸೇರಿದುವು.

ಗುರುಸ್ಥಾನ

ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ಚೆಂಡೆಸೆಯುವವನನ್ನು ಪಿಚರ್ ಎನ್ನುತ್ತಾರೆ. ಅಲ್ಲಿ ಪಿಚರುಗಳಿಗೆಂದೇ ಪ್ರತ್ಯೇಕ ಶಿಕ್ಷಕನಿರುವುದು ಹಳೆಯ ವಾಡಿಕೆ. ಪಂದ್ಯ ನಡೆಯುತ್ತಿರುವಾಗಲೇ ಅವನು ಅಂಗಳದ ನಡುವಿನವರೆಗೆ ನಡೆದು, ಎರಡು ಮಾತಾಡಿ ಬರಬಹುದು. ಕ್ರಿಕೆಟಿನಲ್ಲಿ ಆ ಅನುಕೂಲವಿಲ್ಲ. ಇಲ್ಲಿ ಗುರುವಿನ ಕೆಲಸವೆಲ್ಲ ಪಂದ್ಯಕ್ಕೆ ಮೊದಲೇ ಮುಗಿಯಬೇಕು. ಆ ಬಳಿಕ ಅವನು ಗೆರೆಯಾಚೆ ಕುಳಿತು ಶಿಷ್ಯನ ಕೈಯನ್ನು ದೂರದಿಂದ ನೋಡುತ್ತಿರಬೇಕು. ಆಡಿದವನಿಗೆ ಇದು ಆಡುವುದಕ್ಕಿಂತ ಕಠಿನ.

ಈ ಕಠಿನ ವೃತ್ತಿಯನ್ನೇ ಜೋಶಿ ಆರಿಸಿಕೊಂಡರು. ಹೈದರಾಬಾದಿನ ಬಳಿಕ ಅವರು ಜಮ್ಮು–ಕಾಶ್ಮೀರ ತಂಡದ ಶಿಕ್ಷಕರಾದರು. 2014ರ ಸೆಪ್ಟೆಂಬರಿನ ಪ್ರವಾಹದಲ್ಲಿ ಶ್ರೀನಗರದ ಮೈದಾನ ಮುಳುಗಿಹೋಗಿತ್ತು. ಆಟಗಾರರಿಗೆ ಅಭ್ಯಾಸಕ್ಕೆ ನೆಲೆಯಿರಲಿಲ್ಲ. ಅಂಥ ತಂಡ ಅದೇ ಡಿಸೆಂಬರಿನಲ್ಲಿ, ನಲವತ್ತು ಸಲ ರಣಜಿ ಟ್ರೋಫಿ ಗೆದ್ದಿದ್ದ ಮುಂಬಯಿಯನ್ನು ಅದರ ಮನೆಯಂಗಳವಾದ ವಾಂಖೆಡೆಯಲ್ಲಿಯೇ ನಾಲ್ಕು ವಿಕೆಟ್ಟುಗಳಿಂದ ಸೋಲಿಸಿತು! 2016ರಲ್ಲಿ ಅವರು ಒಮಾನ್ ದೇಶದ ಸ್ಪಿನ್ ಶಿಕ್ಷಕರಾಗಿದ್ದಾಗ ಆ ಸಣ್ಣ ತಂಡ ಧರ್ಮಶಾಲೆಯಲ್ಲಿ ಐರ್ಲೆಂಡನ್ನು ಮಣಿಸಿತು.

2017ರ ಆಗಸ್ಟಿನಲ್ಲಿ ಬಾಂಗ್ಲಾದೇಶದಿಂದ ಕರೆ ಬಂದಿತು. ಆ ತಿಂಗಳ ಕೊನೆಯಲ್ಲಿಯೇ ಢಾಕಾದ ಮೀರ್‌ಪುರದಲ್ಲಿ ಬಾಂಗ್ಲಾದೇಶ ಆಸ್ಟ್ರೇಲಿಯವನ್ನು ಮೊದಲ ಬಾರಿಗೆ ಟೆಸ್ಟಿನಲ್ಲಿ ಸೋಲಿಸಿತು. ಇದಕ್ಕಿಂತಲೂ ಗಮನಾರ್ಹವಾದುದು ಮರುವರ್ಷ ವೆಸ್ಟ್ ಇಂಡೀಸಿನ ವಿರುದ್ಧ ನಡೆದ ಎರಡು ಟೆಸ್ಟುಗಳ ಸರಣಿ. ಮೀರ್‌ಪುರದ ಪಂದ್ಯಕ್ಕೆ ಬಾಂಗ್ಲಾದೇಶ ಒಬ್ಬನೇ ಒಬ್ಬ ವೇಗದ ಬೌಲರನನ್ನೂ ಆರಿಸಲಿಲ್ಲ. ಶಕೀಬ್, ತೈಜುಲ್, ಮೆಹಿದಿ ಹಸನ್, ನಯೀಮ್ ಹಸನ್ ಎಂಬ ನಾಲ್ವರು ಸ್ಪಿನ್ನರುಗಳ ಮೇಲೆಯೇ ಭಾರವೆಲ್ಲ. ಎರಡು ಪಂದ್ಯಗಳಲ್ಲಿ ಬಿದ್ದ ನಲವತ್ತು ವಿಕೆಟ್ಟುಗಳೂ ಸ್ಪಿನ್ನರುಗಳ ಪಾಲಾದುವು. ಮೆಹಿದಿ ಒಂದೇ ಪಂದ್ಯದಲ್ಲಿ ಹನ್ನೆರಡು ಪಡೆದರು. ಎರಡು ಪಂದ್ಯಗಳನ್ನೂ ಬಾಂಗ್ಲಾದೇಶ ಗೆದ್ದಿತು.

ಕೀರ್ತಿ ಮೊದಲು ಸಲ್ಲಬೇಕಾದುದು ಚೆಂಡೆಸೆದ ಕೈಗಳಿಗೆ, ಸಂಶಯವಿಲ್ಲ. ತಿರುಗುವ ನೆಲವೂ ಅವರಿಗೆ ಒತ್ತಾಸೆಯಾಯಿತು. ಆದರೂ ಅಂಕಿಗಳು ಹೇಳುವ ಕಥೆಯೊಂದಿದೆ. ಜೋಶಿಯವರು ತಮ್ಮ ಟೆಸ್ಟ್ ಜೀವನದಲ್ಲೆಲ್ಲ ಗಳಿಸಿದ್ದು 41 ವಿಕೆಟ್ಟು. ಅವರ ಕಣ್ಣೆದುರಿನಲ್ಲಿ ಪಳಗಿದವರು ಒಂದೇ ಸರಣಿಯಲ್ಲಿ ಗಳಿಸಿದ್ದು 40.

2020ರ ಮಾರ್ಚಿನಲ್ಲಿ ಜೋಶಿ ಭಾರತ ತಂಡದ ಆಯ್ಕೆ ಸಮಿತಿಯ ಅಧ್ಯಕ್ಷರಾದರು. ಯಾರಿಗೆ ಅವಕಾಶ ವಿರಳವಾಗಿತ್ತೋ ಅವರ ಕೈಗೇ ಅವಕಾಶ ಹಂಚುವ ಹೊಣೆ ಬಂದಿತು. 2023ರಲ್ಲಿ ಮತ್ತೆ ಶಿಕ್ಷಕವೃತ್ತಿಗೆ ಮರಳಿ ಪಂಜಾಬ್ ಕಿಂಗ್ಸ್ ತಂಡದ ಸ್ಪಿನ್ನರುಗಳನ್ನು ತಿದ್ದಿದರು. ಆಟಗಾರನ ಕೈ ಒಂದು ದಿನ ಬಳಲುತ್ತದೆ. ವಿದ್ಯೆ ಮಾತ್ರ ಮತ್ತೊಂದು ಕೈಗೆ ದಾಟಿ ಬಾಳುತ್ತದೆ. ಹಿಂದೆ ವಿದ್ಯೆಯನ್ನು ಅರಸಿಕೊಂಡು ಗದುಗಿನಿಂದ ಹುಬ್ಬಳ್ಳಿಯವರೆಗೆ ಹೋಗಬೇಕಾಗಿದ್ದವರು, ಅದನ್ನು ತಾವೇ ಹೊತ್ತು ಶ್ರೀನಗರದವರೆಗೆ, ಢಾಕಾದವರೆಗೆ ಹೋಗಿ ಕೊಟ್ಟುಬಂದರು.