ಏರಿಳಿತವರಿಯದ ವಿದ್ಯುತ್ತು, ಬಚ್ಚಿಡದ ವಿದ್ಯೆ

ಮನೆಯ ದೀಪವು ಕ್ಷಣಕಾಲ ಮಂಕಾಗಿ ಮತ್ತೆ ಬೆಳಗಿದರೆ ನಾವು ಅದನ್ನು ಲಕ್ಷಿಸುವುದಿಲ್ಲ. ವಿಜ್ಞಾನದ ಪ್ರಯೋಗಶಾಲೆಯಲ್ಲಾದರೋ ಕಣ್ಣಿಗೆ ಕಾಣದಷ್ಟು ಸಣ್ಣ ಏರಿಳಿತವೂ ತಿಂಗಳುಗಳ ಶ್ರಮವನ್ನು ವ್ಯರ್ಥಗೊಳಿಸಬಲ್ಲುದು. ಕಿವಿಗೆ ಕೇಳಿಸದ ಈ ಏರಿಳಿತವನ್ನು ವಿದ್ಯುತ್ ಶಾಸ್ತ್ರಜ್ಞರು ‘ಸದ್ದು’ ಎಂದೇ ಕರೆಯುತ್ತಾರೆ.

ರುಬೀಡಿಯಂ ಎಂಬ ಲೋಹದ ಪರಮಾಣುಗಳನ್ನು ಲೇಸರ್ ಬೆಳಕಿನಿಂದ ಪರೀಕ್ಷಿಸುವ ಪ್ರಯೋಗವನ್ನೇ ನೋಡೋಣ. ಪರಮಾಣುವು ತನಗೊಪ್ಪುವ ಕಂಪನದ ಬೆಳಕಿಗೆ ಮಾತ್ರ ಓಗೊಡುತ್ತದೆ. ಅದು ಸಹಿಸುವ ಅಂತರವು ಸುಮಾರು 6 ಮೆಗಾಹರ್ಟ್ಸ್. ಲೇಸರ್ ಡಯೋಡಿನಲ್ಲಿ ಹರಿಯುವ 100 ಮಿಲಿಆಂಪಿಯರ್ ಪ್ರವಾಹವು ಲಕ್ಷಕ್ಕೊಂದು ಪಾಲಿನಷ್ಟು ಅಲುಗಿದರೂ ಬೆಳಕಿನ ಕಂಪನವು ಕೆಲವು ಮೆಗಾಹರ್ಟ್ಸ್ ಅತ್ತಿತ್ತ ಸರಿಯಬಹುದು. ಆಗ ಪ್ರಯೋಗವೇ ಕೆಟ್ಟಂತೆ.

ಈ ಪ್ರವಾಹವನ್ನು ಹದ್ದಿನಲ್ಲಿಡುವ ಉಪಾಯವು ನಮ್ಮ ಗುಮಾಸ್ತ ಬಂಧುಗಳಿಗೆ ಅಪರಿಚಿತವಾದುದಲ್ಲ. ಖಾತೆಯ ಲೆಕ್ಕವನ್ನೂ ಗಲ್ಲಾಪೆಟ್ಟಿಗೆಯ ಹಣವನ್ನೂ ತಾಳೆ ನೋಡುವ ಕ್ರಮವೇ ಇದು. ಪ್ರವಾಹದ ದಾರಿಯಲ್ಲಿ 50 ಓಮ್‌ನ ಒಂದು ರೋಧಕವನ್ನಿಟ್ಟರೆ, 100 ಮಿಲಿಆಂಪಿಯರ್ ಹರಿಯುವಾಗ ಅದರ ತುದಿಗಳ ನಡುವೆ 5 ವೋಲ್ಟ್ ಕಾಣಬೇಕು. ಆಂಪ್ಲಿಫೈಯರ್ ಇದನ್ನು ಸ್ಥಿರವಾದ ಇನ್ನೊಂದು ವೋಲ್ಟೇಜಿನೊಡನೆ ಎಡೆಬಿಡದೆ ತಾಳೆ ನೋಡಿ, ಹೆಚ್ಚುಕಮ್ಮಿ ಕಂಡೊಡನೆ ಟ್ರಾನ್ಸಿಸ್ಟರಿನ ಮೂಲಕ ತಿದ್ದುತ್ತದೆ. ಆದರೆ ಖಾತೆಯ ಲೆಕ್ಕವೇ ತಪ್ಪಿದ್ದರೆ ತಾಳೆ ನೋಡಿ ಫಲವೇನು? ತಾಳೆಗಿಟ್ಟ ವೋಲ್ಟೇಜು ಅಲುಗಿದರೆ ಪ್ರವಾಹವೂ ಅಲುಗುತ್ತದೆ. ಮೇಲಾಗಿ ಆ ರೋಧಕದಲ್ಲಿ ಅರ್ಧ ವಾಟ್ ಶಾಖವು ಹುಟ್ಟುತ್ತದೆ; ಬಿಸಿಯೇರಿದಂತೆ ಅದರ ಅಳತೆಯೂ ಬದಲಾಗುತ್ತದೆ. ಶಾಖಕ್ಕೆ ಮಣಿಯದ ರೋಧಕವನ್ನು ಆರಿಸುವುದು, ತಂತಿಗಳನ್ನು ವಿವೇಕದಿಂದ ಹಾಯಿಸುವುದು, ಇವುಗಳಲ್ಲಿಯೇ ನಿಜವಾದ ಕೌಶಲವಡಗಿದೆ.

1993ರಲ್ಲಿ ಅಮೇರಿಕದ ವಿಜ್ಞಾನಿಗಳಾದ ಕೆನೆತ್ ಲಿಬ್ರೆಕ್ಟ್ ಮತ್ತು ಜಾನ್ ಹಾಲ್ ಅವರು ಇಂತಹದೊಂದು ಉಪಕರಣದ ವಿನ್ಯಾಸವನ್ನು ವಿಜ್ಞಾನ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಈ ಹಾಲ್ ಅವರೇ 2005ರ ಭೌತಶಾಸ್ತ್ರದ ನೊಬೆಲ್ ಪಾರಿತೋಷಕದಲ್ಲಿ ಪಾಲುಗಾರರಾದವರು. ಬೇರೆ ಪ್ರಯೋಗಶಾಲೆಗಳು ಆ ನಕ್ಷೆಯನ್ನು ಅನುಸರಿಸಿದವು, ತಿದ್ದಿದವು. 2008ರಲ್ಲಿ ಬ್ರಿಗ್ಹ್ಯಾಮ್ ಯಂಗ್ ವಿಶ್ವವಿದ್ಯಾಲಯದವರು ತಮ್ಮ ಸುಧಾರಣೆಗಳನ್ನು ಪ್ರಕಟಿಸಿದರು. 2011ರಲ್ಲಿ ಯೂರೋಪಿನ ಸರ್ನ್ ಸಂಸ್ಥೆಯು ಉಪಕರಣಗಳಿಗಾಗಿಯೇ ಒಂದು ಮುಕ್ತ ಪರವಾನಗಿಯನ್ನು ಹೊರತಂದಿತು. ಯಾರಾದರೂ ನಕ್ಷೆಯನ್ನು ಅಭ್ಯಸಿಸಬಹುದು, ಉಪಕರಣವನ್ನು ಮಾಡಬಹುದು, ಮಾರಲೂಬಹುದು. ನಕ್ಷೆಯನ್ನು ತಿದ್ದಿ ಹಂಚಿದವರು ಆ ತಿದ್ದುಪಡಿಯನ್ನೂ ಎಲ್ಲರ ಮುಂದಿಡಬೇಕೆಂಬುದು ಅದರ ಮೊದಲ ರೂಪದ ಕಟ್ಟಳೆ.

ಇದರಿಂದ ಲಾಭವೇನೆಂದು ವಾಚಕರು ಕೇಳಬಹುದು. ಮುಚ್ಚಿದ ಪೆಟ್ಟಿಗೆಯಾಗಿ ಕೊಂಡ ಯಂತ್ರವು ಕೆಟ್ಟರೆ, ಬಡ ಕಾಲೇಜಿನ ಅಧ್ಯಾಪಕನು ಮಾರಿದವನ ದಾರಿ ಕಾಯುತ್ತ ಕೂರಬೇಕು. ನಕ್ಷೆ ಕೈಯಲ್ಲಿದ್ದರೆ ದೋಷವನ್ನು ತಾನೇ ಹುಡುಕಿಯಾನು. ಅವನ ವಿದ್ಯಾರ್ಥಿಗಳೂ ಅಷ್ಟರಮಟ್ಟಿಗೆ ಕಲಿತಾರು. ಆದರೆ ನಕ್ಷೆಯೊಂದೇ ಸಾಲದು. ಸಾಂಬಾರಿನ ಸಾಮಾನುಗಳ ಪಟ್ಟಿಯಿಂದಲೇ ಅಡುಗೆ ಬಾರದೆಂಬುದನ್ನು ನಮ್ಮ ಹೋಟೆಲು ಬಂಧುಗಳು ಚೆನ್ನಾಗಿ ಬಲ್ಲರು. ಯಾವ ಘಟಕವನ್ನು ಏಕೆ ಆರಿಸಿದರು, ಎಷ್ಟು ಸದ್ದು ಅಳೆಯಲ್ಪಟ್ಟಿತು, ಎಲ್ಲಿ ಎಡವಿದರು ಎಂಬುದನ್ನೂ ಬರೆದಿಟ್ಟಾಗಲೇ ವಿದ್ಯೆಯು ಮತ್ತೊಬ್ಬನ ಕೈಗೆ ಪೂರ್ಣವಾಗಿ ದಾಟುತ್ತದೆ.

ಹಗಲು ದುಡಿದು ರಾತ್ರಿ ಓದುವ ನಮ್ಮ ತರುಣರು ಇದರಿಂದ ಹಿಂಜರಿಯಬೇಕಾಗಿಲ್ಲ. ಒಂದು ಆಂಪ್ಲಿಫೈಯರ್, ಒಂದು ಟ್ರಾನ್ಸಿಸ್ಟರ್, ಒಂದೆರಡು ರೋಧಕಗಳು ಮತ್ತು ಬ್ಯಾಟರಿ ಇದ್ದರೆ ಪುಟ್ಟ ಎಲ್.ಇ.ಡಿ. ದೀಪವನ್ನು ಸ್ಥಿರ ಪ್ರವಾಹದಿಂದ ಬೆಳಗಿಸಬಹುದು. ಮಹಾ ಪ್ರಯೋಗಶಾಲೆಯ ತತ್ತ್ವವೂ ಅದೇ. ಹಂಚಿದಷ್ಟೂ ಹೆಚ್ಚುವ ಧನವು ವಿದ್ಯೆಯೊಂದೇ ಎಂದು ಹಿರಿಯರು ಹೇಳಿದ್ದು ಈ ಯಂತ್ರಯುಗದಲ್ಲಿಯೂ ಸಲ್ಲುತ್ತದೆ.