ಎಂಜಿನ್ ಪಳಗಿಸಲು ಹೊರಟ ಕಾರು

ಹೊಸ ಸ್ಕೂಟರನ್ನೋ ಕಾರನ್ನೋ ಕೊಂಡವರಿಗೆ ಅಂಗಡಿಯಿಂದ ಹೊರಡುವ ಮುನ್ನ ಮೆಕ್ಯಾನಿಕ್ ಒಂದು ಬುದ್ಧಿಮಾತು ಹೇಳುತ್ತಾನೆ: 'ಮೊದಮೊದಲು ಜೋರಾಗಿ ಓಡಿಸಬೇಡಿ, ಎಂಜಿನ್ ಸ್ವಲ್ಪ ಪಳಗಲಿ.' ಅರವತ್ತೇಳು ವರ್ಷಕ್ಕೂ ಹಿಂದೆ, ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ, ಇಂಥದೇ ಒಂದು ಸಲಹೆ ಪಡೆದ ತರುಣನೊಬ್ಬ ಹೊಸ ಕಾರಿನಲ್ಲಿ ದೂರದ ಪ್ರಯಾಣ ಹೊರಟ. ಆತನ ಹೆಸರು ಜೇಮ್ಸ್ ಡೀನ್. ವಯಸ್ಸು 24. ವೃತ್ತಿಯಲ್ಲಿ ಸಿನಿಮಾ ನಟ. ಕಾರಿನ ಹೆಸರು ಪೋರ್ಷೆ 550 ಸ್ಪೈಡರ್. ಆ ಪ್ರಯಾಣ ಮುಗಿಯಲಿಲ್ಲ. ಅದು ಏಕೆ ಮುಗಿಯಲಿಲ್ಲ ಎಂಬುದರಲ್ಲಿ ಎಂಜಿನ್ನಿಗಿಂತ ಹೆಚ್ಚಾಗಿ ಮನುಷ್ಯನ ಕಣ್ಣಿಗೆ ಸಂಬಂಧಿಸಿದ ಪಾಠವೊಂದಿದೆ.

ಡೀನ್‌ನ ಮೊದಲ ಪ್ರಮುಖ ಚಿತ್ರ 'ಈಸ್ಟ್ ಆಫ್ ಈಡನ್' 1955ರ ಮಾರ್ಚ್‌ನಲ್ಲಿ ತೆರೆಕಂಡಿತ್ತು. ಆ ವರ್ಷವೇ ಆತ ಕಾರ್ ರೇಸಿಗೂ ಇಳಿದ. ಪಾಮ್ ಸ್ಪ್ರಿಂಗ್ಸ್, ಬೇಕರ್ಸ್‌ಫೀಲ್ಡ್ ಮತ್ತು ಸಾಂತಾ ಬಾರ್ಬರಾದ ಸ್ಪರ್ಧೆಗಳಲ್ಲಿ ಭಾಗವಹಿಸಿದ. ಆದರೆ 'ಜೈಂಟ್' ಚಿತ್ರದ ಚಿತ್ರೀಕರಣ ಮುಗಿಯುವವರೆಗೆ ರೇಸಿನ ಹತ್ತಿರ ಸುಳಿಯಕೂಡದೆಂದು ಚಿತ್ರಸಂಸ್ಥೆ ನಿರ್ಬಂಧ ಹಾಕಿತು. ಅವನ ಪಾತ್ರದ ಚಿತ್ರೀಕರಣ ಮುಗಿಯುತ್ತ ಬಂದಾಗ, ಸೆಪ್ಟೆಂಬರ್ 21ರಂದು, ತನ್ನ ಹಳೆಯ ಪೋರ್ಷೆಯನ್ನು ಕೊಟ್ಟು ಬೆಳ್ಳಿಬೂದು ಬಣ್ಣದ ಹೊಸ ಸ್ಪೈಡರ್ ಕೊಂಡ. ಅಕ್ಟೋಬರ್ 1 ಮತ್ತು 2ರಂದು ಸಲೀನಾಸ್ ಪಟ್ಟಣದಲ್ಲಿ ರೇಸ್ ಇತ್ತು. ಕಾರಿನ ಮೇಲೆ 130 ಎಂಬ ಸಂಖ್ಯೆ ಬರೆಸಿದ್ದಾಯಿತು.

ರೇಸ್ ಕಾರನ್ನು ಟ್ರೇಲರ್ ಮೇಲೆ ಹೇರಿ ಒಯ್ಯುವುದು ರೂಢಿ. ಡೀನ್‌ನ ಮೊದಲ ಯೋಜನೆಯೂ ಅದೇ ಆಗಿತ್ತು. ಆದರೆ ಪೋರ್ಷೆ ಕಾರ್ಖಾನೆಯಲ್ಲಿ ತರಬೇತಾದ ಜರ್ಮನ್ ಮೆಕ್ಯಾನಿಕ್ ರೋಲ್ಫ್ ವ್ಯೂಟರಿಷ್ ಬೇರೆಯೇ ಸಲಹೆ ಕೊಟ್ಟ. ಎಂಜಿನ್ ಇನ್ನೂ ಪಳಗಿಲ್ಲ, ಚಾಲಕನಿಗೂ ಕಾರಿನ ಅಭ್ಯಾಸ ಸಾಲದು, ಆದ್ದರಿಂದ ಕಾರನ್ನು ಓಡಿಸಿಕೊಂಡೇ ಹೋಗುವುದು ಒಳ್ಳೆಯದು ಎಂದ. ಸೆಪ್ಟೆಂಬರ್ 30, ಶುಕ್ರವಾರ ಮಧ್ಯಾಹ್ನ ಡೀನ್ ಚಕ್ರ ಹಿಡಿದ. ವ್ಯೂಟರಿಷ್ ಪಕ್ಕದಲ್ಲಿ ಕುಳಿತ. ಇಬ್ಬರು ಸ್ನೇಹಿತರು ಫೋರ್ಡ್ ವ್ಯಾಗನ್ನಿನಲ್ಲಿ ಖಾಲಿ ಟ್ರೇಲರನ್ನು ಎಳೆದುಕೊಂಡು ಹಿಂದೆ ಹೊರಟರು.

ಹೊಸ ಎಂಜಿನ್ ಏಕೆ ಪಳಗಬೇಕು?

ಮೆಕ್ಯಾನಿಕ್ಕನ ಸಲಹೆಯಲ್ಲಿ ತಪ್ಪಿರಲಿಲ್ಲ. ಹೊಸ ಎಂಜಿನ್ನಿನ ಸಿಲಿಂಡರ್ ಗೋಡೆಯನ್ನು ಕೈಯಿಂದ ಸವರಿದರೆ ಕನ್ನಡಿಯಷ್ಟು ನುಣುಪೆನಿಸುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ಉತ್ತ ಹೊಲದಂತೆ ಕಾಣುತ್ತದೆ. ಆ ಗೀರುಗಳು ಎಣ್ಣೆಯನ್ನು ಹಿಡಿದಿಡಲೆಂದು ಬೇಕೆಂದೇ ಕೊರೆದವು. ಪಿಸ್ಟನ್ನಿನ ಉಂಗುರಗಳು ಮೇಲೆ ಕೆಳಗೆ ಜಾರುತ್ತ ಈ ಏರುಗಳ ತುದಿಗಳನ್ನು ನಿಧಾನವಾಗಿ ಸವೆಸುತ್ತವೆ. ಆಗ ಉಂಗುರಕ್ಕೂ ಗೋಡೆಗೂ ಹೊಂದಾಣಿಕೆಯಾಗಿ, ಉರಿದ ಅನಿಲ ಸೋರದಂತೆ ಬಿಗಿಯಾಗುತ್ತದೆ.

ಈ ಕೆಲಸ ನಡೆಯುವಾಗ ವಿಪರೀತ ವೇಗದಲ್ಲಿ ಓಡಿಸಿದರೆ ಘರ್ಷಣೆಯ ಶಾಖ ಹೆಚ್ಚಿ ಲೋಹ ಲೋಹಕ್ಕೆ ಕಚ್ಚಿಕೊಳ್ಳಬಹುದು. ಹಾಗೆಂದು ತೀರ ಮೆಲ್ಲಗೆ ಓಡಿಸಿದರೂ ಉಂಗುರಗಳು ಸರಿಯಾಗಿ ಕೂರುವುದಿಲ್ಲ. ವೇಗವನ್ನು ಏರಿಸುತ್ತ ಇಳಿಸುತ್ತ ಮಾಡುವ ದೂರದ ಪ್ರಯಾಣವೇ ಇದಕ್ಕೆ ತಕ್ಕ ಮದ್ದು. ಸ್ಪೈಡರ್‌ನ ಎಂಜಿನ್ ಗಾತ್ರ 1,498 ಘನ ಸೆಂ.ಮೀ., ಶಕ್ತಿ 110 ಅಶ್ವಶಕ್ತಿ. ಅಲ್ಯೂಮಿನಿಯಂ ಮೈಯ ಆ ಕಾರಿನ ತೂಕ ಸುಮಾರು 550 ಕಿಲೋ ಮಾತ್ರ. ಎತ್ತರ ಒಂದು ಮೀಟರಿಗೂ ಕಡಿಮೆ, ಎಂದರೆ ಊಟದ ಮೇಜಿಗಿಂತ ಸ್ವಲ್ಪವೇ ಹೆಚ್ಚು.

ಮಧ್ಯಾಹ್ನ ಮೂರೂವರೆಯ ಚೀಟಿ

ಬೇಕರ್ಸ್‌ಫೀಲ್ಡ್‌ಗೆ ದಕ್ಷಿಣದಲ್ಲಿ, ಮಧ್ಯಾಹ್ನ ಮೂರೂವರೆಯ ಹೊತ್ತಿಗೆ, ಹೆದ್ದಾರಿ ಪೊಲೀಸ್ ಅಧಿಕಾರಿಯೊಬ್ಬರು ಕಾರನ್ನು ತಡೆದರು. ಗಂಟೆಗೆ 55 ಮೈಲಿ ಮಿತಿಯಿದ್ದಲ್ಲಿ 65 ಮೈಲಿ ವೇಗದಲ್ಲಿ ಓಡಿಸಿದ ತಪ್ಪಿಗೆ ಡೀನ್‌ಗೆ ದಂಡದ ಚೀಟಿ ಸಿಕ್ಕಿತು. ಹಿಂದಿನಿಂದ ಬಂದ ವ್ಯಾಗನ್ನಿನ ಚಾಲಕನಿಗೂ ಒಂದು ಚೀಟಿ ಸಿಕ್ಕಿತು. ಟ್ರೇಲರ್ ಎಳೆಯುವ ವಾಹನಗಳಿಗೆ ಮಿತಿ 45 ಮೈಲಿ ಮಾತ್ರ ಇತ್ತು.

ಹತ್ತು ಮೈಲಿ ಹೆಚ್ಚಾದರೆ ಏನು ಮಹಾ ಎಂದು ಕೇಳಬಹುದು. ಶಾಲೆಯ ಪುಸ್ತಕದ ಸೂತ್ರವೇ ಇದಕ್ಕೆ ಉತ್ತರ ಕೊಡುತ್ತದೆ. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 55ರಿಂದ 65ಕ್ಕೆ ಏರಿದಾಗ ವೇಗ ಹೆಚ್ಚುವುದು ನೂರಕ್ಕೆ 18ರಷ್ಟು, ಆದರೆ ಶಕ್ತಿ ಹೆಚ್ಚುವುದು ನೂರಕ್ಕೆ 40ರಷ್ಟು. 65 ಮೈಲಿ ವೇಗದಲ್ಲಿ ಕಾರು ಸೆಕೆಂಡಿಗೆ 29 ಮೀಟರ್ ಸಾಗುತ್ತದೆ. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡು ಹಿಡಿದರೆ, ಬ್ರೇಕು ಹಿಡಿಯುವ ಮೊದಲೇ 43 ಮೀಟರ್ ದಾರಿ ಕಳೆದಿರುತ್ತದೆ.

ವಿಪರ್ಯಾಸವೆಂದರೆ, ಅದೇ ಸೆಪ್ಟೆಂಬರಿನಲ್ಲಿ ಡೀನ್ ರಸ್ತೆ ಸುರಕ್ಷತೆಯ ಒಂದು ಕಿರುಚಿತ್ರದಲ್ಲಿ ಮಾತನಾಡಿದ್ದ. ರೇಸಿಗಿಳಿದ ಮೇಲೆ ಹೆದ್ದಾರಿಯಲ್ಲಿ ಹೆಚ್ಚು ಎಚ್ಚರವಾಗಿರುತ್ತೇನೆ ಎಂದು ಅದರಲ್ಲಿ ಹೇಳಿದ್ದ.

ಕಾಣದೆ ಹೋದ ಕಾರು

ಮುಂದೆ ಬ್ಲ್ಯಾಕ್‌ವೆಲ್ಸ್ ಕಾರ್ನರ್ ಎಂಬಲ್ಲಿ ಸ್ವಲ್ಪ ಹೊತ್ತು ನಿಂತು, ಕಾರು 466ನೇ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಸಾಗಿತು. ಸಂಜೆ ಸುಮಾರು 5.45ಕ್ಕೆ, ಶೊಲಾಮ್ ಎಂಬ ಪುಟ್ಟ ಊರಿನ ಬಳಿ, 41ನೇ ಹೆದ್ದಾರಿ ಕವಲೊಡೆಯುವ ಜಾಗಕ್ಕೆ ಬಂತು. ಎದುರಿನಿಂದ 23 ವರ್ಷದ ಕಾಲೇಜು ವಿದ್ಯಾರ್ಥಿಯೊಬ್ಬ 1950ರ ಮಾದರಿಯ ಫೋರ್ಡ್ ಕಾರಿನಲ್ಲಿ ಬರುತ್ತಿದ್ದ. ಅವನು ಎಡಕ್ಕೆ ತಿರುಗಿ 41ನ್ನು ಸೇರಬೇಕಿತ್ತು. ಅಮೆರಿಕದಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುತ್ತವೆ. ನಮ್ಮಲ್ಲಿ ಬಲಕ್ಕೆ ತಿರುಗುವವರು ಎದುರಿನವರ ಹಾದಿಯನ್ನು ದಾಟುವಂತೆ, ಅಲ್ಲಿ ಎಡಕ್ಕೆ ತಿರುಗುವವರು ದಾಟಬೇಕು. ಫೋರ್ಡ್ ತಿರುಗಿತು. ಎರಡೂ ಕಾರುಗಳು ಡಿಕ್ಕಿ ಹೊಡೆದವು.

ಎದುರಿನ ಕಾರು ತನಗೆ ಕಾಣಲೇ ಇಲ್ಲ ಎಂದು ವಿದ್ಯಾರ್ಥಿ ಹೇಳಿದ. ಅದು ನೆಪದ ಮಾತಾಗಿರಬೇಕಿಲ್ಲ. ಅದು ಸೂರ್ಯ ಮುಳುಗುವ ಹೊತ್ತು. ಬೂದು ಬಣ್ಣದ ರಸ್ತೆ, ಒಣ ಹುಲ್ಲಿನ ಗುಡ್ಡಗಳು, ಅವುಗಳ ನಡುವೆ ನೆಲಕ್ಕೆ ಅಂಟಿಕೊಂಡಂತಿರುವ ಬೆಳ್ಳಿಬೂದು ಕಾರು. ಕಣ್ಣು ವಸ್ತುವನ್ನು ಗುರುತಿಸುವುದು ಅದರ ಮತ್ತು ಹಿನ್ನೆಲೆಯ ಬೆಳಕಿನ ವ್ಯತ್ಯಾಸದಿಂದ. ಆ ವ್ಯತ್ಯಾಸ ಕಡಿಮೆಯಾದರೆ, ವಸ್ತು ಎದುರಿಗಿದ್ದರೂ ಮಿದುಳು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರಬಹುದು. ಇನ್ನೊಂದು ಭ್ರಮೆಯೂ ಉಂಟು. ದೊಡ್ಡ ವಾಹನ ಹತ್ತಿರ ಬಂದಂತೆಯೂ ಸಣ್ಣ ವಾಹನ ಇನ್ನೂ ದೂರವಿದ್ದಂತೆಯೂ ಕಣ್ಣಿಗೆ ತೋರುತ್ತದೆ. ಇತ್ತ ಪಶ್ಚಿಮಕ್ಕೆ ಮುಖ ಮಾಡಿದ್ದ ಡೀನ್‌ಗೆ ಎದುರಿಗೆ ಇಳಿಬಿಸಿಲು.

ಡಿಕ್ಕಿಯಲ್ಲಿ ಎರಡು ವಾಹನಗಳ ಮೇಲೂ ಸಮನಾದ ಬಲ ಬೀಳುತ್ತದೆ. ನ್ಯೂಟನ್ನನ ಮೂರನೆಯ ನಿಯಮ ಹೇಳುವುದು ಇದನ್ನೇ. ಆದರೆ ಪರಿಣಾಮ ಸಮನಾಗಿರುವುದಿಲ್ಲ. ಫೋರ್ಡ್‌ನ ತೂಕ ಸ್ಪೈಡರ್‌ಗಿಂತ ಎರಡು ಪಟ್ಟಿಗೂ ಹೆಚ್ಚು. ಆದ್ದರಿಂದ ಹಗುರ ಕಾರಿನ ವೇಗದಲ್ಲಾದ ಬದಲಾವಣೆಯೂ ಎರಡು ಪಟ್ಟಿಗೂ ಹೆಚ್ಚು. ರೇಸಿನಲ್ಲಿ ಗೆಲುವು ತರುವ ಹಗುರತನವೇ ಇಲ್ಲಿ ಮುಳುವಾಯಿತು. ವಿದ್ಯಾರ್ಥಿ ಸಣ್ಣಪುಟ್ಟ ಗಾಯಗಳೊಂದಿಗೆ ಪಾರಾದ. ವ್ಯೂಟರಿಷ್ ಹೊರಕ್ಕೆ ಎಸೆಯಲ್ಪಟ್ಟು, ದವಡೆ ಮುರಿದುಕೊಂಡು, ಬದುಕುಳಿದ. ಡೀನ್‌ನನ್ನು ಪಾಸೊ ರೋಬಲ್ಸ್ ಆಸ್ಪತ್ರೆಗೆ ಒಯ್ದಾಗ ಪ್ರಾಣ ಹೋಗಿತ್ತು. ಕಾರು ಕೈಗೆ ಬಂದು ಒಂಬತ್ತು ದಿನವಾಗಿತ್ತು.

ವಿಚಾರಣೆಯಲ್ಲಿ ಯಾರದೂ ಅಪರಾಧದ ಉದ್ದೇಶವಿರಲಿಲ್ಲವೆಂದು ತೀರ್ಮಾನವಾಯಿತು. ಆ ಕ್ಷಣದಲ್ಲಿ ಡೀನ್‌ನ ವೇಗ ಎಷ್ಟಿತ್ತೆಂಬುದರ ಬಗ್ಗೆ ಮಾತ್ರ ವಾದಗಳು ನಿಂತಿಲ್ಲ. ಆತನ ಶವವನ್ನು ಬಾಲ್ಯ ಕಳೆದ ಇಂಡಿಯಾನಾ ರಾಜ್ಯದ ಫೇರ್‌ಮೌಂಟ್‌ಗೆ ಒಯ್ದು ಹೂಳಲಾಯಿತು. 'ರೆಬೆಲ್ ವಿದೌಟ್ ಎ ಕಾಸ್' ತೆರೆಕಂಡದ್ದು ಆತ ಸತ್ತ ಮೇಲೆ, 'ಜೈಂಟ್' ಬಂದದ್ದು 1956ರಲ್ಲಿ. ವ್ಯೂಟರಿಷ್ ಕೂಡ 1981ರಲ್ಲಿ ಜರ್ಮನಿಯಲ್ಲಿ ಕಾರು ಅಪಘಾತದಲ್ಲೇ ತೀರಿಕೊಂಡ.

ಕಣ್ಣಿಗೆ ಬೀಳುವುದೂ ಒಂದು ರಕ್ಷಣೆ

ಅನಂತರದ ದಶಕಗಳಲ್ಲಿ ವಾಹನ ವಿಜ್ಞಾನ ಬಹಳ ಕಲಿತಿದೆ. 1959ರಲ್ಲಿ ವೋಲ್ವೊ ಕಂಪನಿ ಮೂರು ಬಿಂದುಗಳ ಸೀಟ್ ಬೆಲ್ಟನ್ನು ತನ್ನ ಕಾರುಗಳಿಗೆ ಅಳವಡಿಸಿತು. ಹಗಲಿನಲ್ಲೂ ದೀಪ ಉರಿಸಿಕೊಂಡು ಓಡಿಸುವುದನ್ನು ಸ್ವೀಡನ್ 1977ರಲ್ಲಿ ಕಡ್ಡಾಯಗೊಳಿಸಿತು. ದಾರಿ ಕಾಣಲೆಂದು ಮಾಡಿದ ಏರ್ಪಾಡಲ್ಲ ಅದು. ತಾನು ಇತರರಿಗೆ ಕಾಣಲೆಂದು ಮಾಡಿದ್ದು. ಭಾರತದಲ್ಲಿ 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳ ದೀಪ ಎಂಜಿನ್ ಜೊತೆಗೇ ಹೊತ್ತಿಕೊಳ್ಳುವಂತಾಗಿದೆ. ಹಗಲುಹೊತ್ತು 'ನಿಮ್ಮ ಲೈಟ್ ಉರೀತಿದೆ' ಎಂದು ಕೈಸನ್ನೆ ಮಾಡುವವರು ಈ ಕಾರಣವನ್ನು ನೆನೆಯಬೇಕು. ಬಸ್ಸು ಲಾರಿಗಳ ನಡುವೆ ದ್ವಿಚಕ್ರ ವಾಹನವೂ ಆ ಸ್ಪೈಡರ್‌ನಂತೆಯೇ ಸಣ್ಣದು, ಹಗುರವಾದದ್ದು, ಸುಲಭವಾಗಿ ಕಣ್ತಪ್ಪುವಂಥದು.

ಆ ಹಳೆಯ 466ನೇ ಹೆದ್ದಾರಿಗೆ ಈಗ 46 ಎಂಬ ಸಂಖ್ಯೆ. ಅಪಘಾತಕ್ಕೆ ಐವತ್ತು ವರ್ಷ ತುಂಬಿದ 2005ರಲ್ಲಿ ಆ ಕೂಡುರಸ್ತೆಗೆ ಜೇಮ್ಸ್ ಡೀನ್‌ನ ಹೆಸರಿಡಲಾಯಿತು. ಅವನು ಅಂದು ಮನೆಯಿಂದ ಹೊರಟದ್ದು ಹೊಸ ಕಾರನ್ನು ಪಳಗಿಸಲು. ಎಂಜಿನ್ ಪಳಗಲು ಕೆಲವು ಸಾವಿರ ಕಿಲೋಮೀಟರ್ ಸಾಕು. ಹೊಸ ವಾಹನದ ಅಳತೆ, ವೇಗ, ಬ್ರೇಕಿನ ಹಿಡಿತ ಚಾಲಕನ ಕೈಕಾಲಿಗೆ ಒಗ್ಗಲು ಇನ್ನೂ ಸಮಯ ಬೇಕು. ಎದುರಿನಿಂದ ಬರುವ ಅಪರಿಚಿತನಿಗೆ ಅದು ಎಂದಿಗೂ ಹೊಸದೇ. ತಿರುವಿನಲ್ಲಿ ನಿಂತವನು ತನ್ನನ್ನು ನೋಡಿದ್ದಾನೆ ಎಂದು ಖಾತ್ರಿಯಾಗುವವರೆಗೆ, ನೋಡಿಲ್ಲವೆಂದೇ ತಿಳಿದು ಕಾಲನ್ನು ಬ್ರೇಕಿನ ಹತ್ತಿರ ಇಟ್ಟುಕೊಳ್ಳುವುದು ಮೇಲು. ಹೊಸ ಕಾರು ಮನೆ ಸೇರಲಿ ಎನ್ನುವವರು ಮೆಕ್ಯಾನಿಕ್ಕನ ಬುದ್ಧಿಮಾತಿನ ಜೊತೆಗೆ ಇದನ್ನೂ ಸೇರಿಸಿಕೊಳ್ಳಬೇಕು.