ಉದ್ಯೋಗದಲ್ಲಿ ಅನ್ಯರ ನಿರೀಕ್ಷೆ ಮತ್ತು ನಮ್ಮ ಆರೋಗ್ಯ

ತಲೆನೋವು, ಹುಳಿತೇಗು, ನಿದ್ರಾಹೀನತೆ ಎಂಬ ಮೂರು ದೂರುಗಳನ್ನು ಹೊತ್ತು ವೈದ್ಯರ ಬಳಿಗೆ ಬರುವ ಮುಂಬಯಿಯ ನೌಕರನು ಸಾಮಾನ್ಯವಾಗಿ ತನ್ನ ರೋಗದ ಕಾರಣವನ್ನೂ ತಾನೇ ಹೇಳಿಬಿಡುತ್ತಾನೆ: "ಕೆಲಸ ಬಹಳ." ಆದರೆ ಸ್ವಲ್ಪ ಹೊತ್ತು ಕುಳ್ಳಿರಿಸಿ ವಿಚಾರಿಸಿದರೆ ಸಂಗತಿಯು ಬೇರೆಯಾಗಿ ತೋರುತ್ತದೆ. ಯಾರು ತನ್ನಿಂದ ಏನನ್ನು ಬಯಸುತ್ತಿದ್ದಾರೆಂದು ತಿಳಿಯದ, ತಿಳಿದರೂ ಎಲ್ಲರನ್ನೂ ಏಕಕಾಲಕ್ಕೆ ತೃಪ್ತಿಪಡಿಸಲಾಗದ ಸಂಕಟವು ಕೆಲಸದ ಹೊರೆಗಿಂತ ಹೆಚ್ಚಾಗಿ ಅವನನ್ನು ಕಾಡುತ್ತಿರುತ್ತದೆ.

ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ರಾಬರ್ಟ್ ಕಾಹ್ನ್ ಮತ್ತು ಅವರ ಸಂಗಡಿಗರು 1964ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಸಂಕಟವನ್ನು ಎರಡಾಗಿ ವಿಂಗಡಿಸಿದರು. ಇಬ್ಬರು ಪರಸ್ಪರ ವಿರುದ್ಧವಾದುದನ್ನು ಒಬ್ಬನಿಂದಲೇ ಅಪೇಕ್ಷಿಸುವುದು ಪಾತ್ರ ಸಂಘರ್ಷ. ಏನನ್ನು ಅಪೇಕ್ಷಿಸುತ್ತಾರೆಂಬುದೇ ಸ್ಪಷ್ಟವಾಗದಿರುವುದು ಪಾತ್ರದ ಅಸ್ಪಷ್ಟತೆ. ಇಂತಹ ಆತಂಕದಲ್ಲಿ ಶರೀರವು ಶತ್ರುವನ್ನು ಕಂಡಂತೆಯೇ ವರ್ತಿಸುತ್ತದೆ. ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ರಸಗಳು ಸ್ರವಿಸುತ್ತವೆ, ನಾಡಿ ತೀವ್ರವಾಗುತ್ತದೆ, ರಕ್ತದೊತ್ತಡವೇರುತ್ತದೆ. ಶತ್ರುವಾದರೋ ಒಮ್ಮೆ ಬಂದು ಹೋಗುತ್ತಾನೆ. ಮೇಲಧಿಕಾರಿಯು ನಾಳೆಯೂ ಅಲ್ಲಿಯೇ ಇರುತ್ತಾನೆ.

ಇದನ್ನರಿಯಲು ನಾವು ಮಿಶಿಗನ್ನಿಗೆ ಹೋಗಬೇಕಾಗಿಲ್ಲ. ದಕ್ಷಿಣ ಕನ್ನಡದಿಂದ ಬಂದ ಹುಡುಗರು ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ಸಂಜೆ ಫೋರ್ಟ್ ಪ್ರದೇಶದ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದ ಕಥೆಯು ನಮ್ಮ ಹಿರಿಯರಿಗೆಲ್ಲ ತಿಳಿದದ್ದೇ. ಆ ಕಾಲದ ಹೋಟೆಲಿನ ಗಲ್ಲಾದಲ್ಲಿ ಕುಳಿತ ಮ್ಯಾನೇಜರನನ್ನು ಕಲ್ಪಿಸಿಕೊಳ್ಳಿರಿ. ಕಚೇರಿಗಳು ಬಿಡುವ ಹೊತ್ತು, ಶಾಲೆಯ ಹೊತ್ತು, ಎರಡೂ ಒಂದೇ. ಗಿರಾಕಿಗೆ ಕಾಫಿ ತಡವಾಗಕೂಡದು. ಧಣಿಗಳಿಗೆ ಆ ವೇಳೆಗೆ ಆಳುಗಳೆಲ್ಲರೂ ಬೇಕು. ಹುಡುಗನು ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತಿದ್ದಾನೆ. "ಓದಿಸುತ್ತೀರೆಂದು ನಂಬಿ ಕಳುಹಿಸಿದ್ದೇನೆ" ಎಂದ ಅವನ ತಂದೆಯ ಮಾತು ಊರಿನಿಂದ ಕಿವಿಗೆ ಕೇಳಿಸುತ್ತಿದೆ. ನಾಲ್ವರ ಬೇಡಿಕೆಯೂ ನ್ಯಾಯವಾದುದೇ. ಇವನು ಪ್ರತಿ ಸಂಜೆಯೂ "ಇವತ್ತು ನೋಡೋಣ" ಎನ್ನುತ್ತಿದ್ದರೆ ಪ್ರತಿ ಸಂಜೆಯೂ ಜಗಳವೇ ಸರಿ. ಶಾಲೆ ಆರಂಭವಾಗುವ ಜೂನ್ ತಿಂಗಳಲ್ಲಿಯೇ ಧಣಿಗಳೊಡನೆ ಕುಳಿತು, ಯಾವ ಹುಡುಗನು ಎಷ್ಟು ಗಂಟೆಗೆ ಹೊರಡಬೇಕು, ಅವನ ಮೇಜುಗಳನ್ನು ಯಾರು ನೋಡಬೇಕು, ಪ್ರತಿಯಾಗಿ ಬೆಳಿಗ್ಗೆ ಅವನು ಎಷ್ಟು ಬೇಗ ಬರಬೇಕು ಎಂದು ಗೊತ್ತುಮಾಡಿಕೊಂಡರೆ ಅದೇ ಕೆಲಸ, ಅದೇ ಜನ. ಗಲ್ಲಾದ ಮೇಲಿನ ಜೀವಕ್ಕೆ ಮಾತ್ರ ನೆಮ್ಮದಿ.

ಈ "ನೋಡೋಣ" ಎಂಬ ಪದದ ವಿಷಯದಲ್ಲಿ ನನಗೆ ಹಳೆಯ ದ್ವೇಷವಿದೆ. ಹೇಳಿದವನ ಮನಸ್ಸಿನಲ್ಲಿ ಅದು "ಆಗದು". ಕೇಳಿದವನ ಮನಸ್ಸಿನಲ್ಲಿ "ಆದಂತೆಯೇ". ಬ್ಯಾಂಕಿನಲ್ಲಿರುವ ನಮ್ಮವರಿಗೆ ಇದರ ಅನುಭವ ಸಾಕಷ್ಟಿದೆ. ಊರಿನ ಪರಿಚಿತರು ಸಾಲಕ್ಕಾಗಿ ಬರುತ್ತಾರೆ, ನಿಯಮವು ಅಡ್ಡಬರುತ್ತದೆ, ದಾಕ್ಷಿಣ್ಯದಿಂದ "ನೋಡೋಣ" ಎಂದದ್ದಕ್ಕೆ ಪರಿಚಿತರು ತಿಂಗಳುಗಟ್ಟಲೆ ಎಡತಾಕುತ್ತಾರೆ. ಕೊನೆಗೆ ಸಾಲವೂ ಇಲ್ಲ, ಸ್ನೇಹವೂ ಇಲ್ಲ. "ಈ ದಾಖಲೆಯಿಲ್ಲದೆ ನನ್ನಿಂದಾಗದು, ತಂದರೆ ಇಂಥ ದಿನದೊಳಗೆ ಉತ್ತರ ಕೊಡುತ್ತೇನೆ" ಎಂದರೆ ಅಂದು ಮುಖ ಚಿಕ್ಕದಾದೀತು, ಅಷ್ಟೆ.

ಮೇಲಧಿಕಾರಿಗೆ ನೇರವಾಗಿ "ಇಲ್ಲ" ಎನ್ನುವುದು ಕಷ್ಟ. ಎರಡು ತುರ್ತು ಕೆಲಸಗಳು ಒಟ್ಟಿಗೆ ಬಂದಾಗ "ಇವುಗಳಲ್ಲಿ ಮೊದಲು ಯಾವುದು ಬೇಕು?" ಎಂದು ಕೇಳಿ, ಅವರ ಉತ್ತರವನ್ನು ಎರಡು ಸಾಲಿನಲ್ಲಿ ಬರೆದು ಅವರಿಗೇ ಕಳುಹಿಸಿರಿ. ವಿಳಂಬವಾಗುವಂತಿದ್ದರೆ ಗಡುವಿನ ದಿನ ಹೇಳದೆ, ತಿಳಿದ ದಿನವೇ ಹೇಳಿರಿ. ದೊಡ್ಡ ಬೇಡಿಕೆಗೆ ನಿಂತಲ್ಲೇ ಒಪ್ಪದೆ "ನಾಳೆ ಬೆಳಿಗ್ಗೆ ತಿಳಿಸುತ್ತೇನೆ" ಎಂದು, ಹಾಗೆಯೇ ತಿಳಿಸಿರಿ. ಲೋಕಲ್ ರೈಲಿನ ಆ ಒಂದು ಗಂಟೆಯು ಯೋಚನೆಗಾದರೂ ಉಪಯೋಗವಾದೀತು.

ಆದರೆ ಎಲ್ಲರಿಗೂ ಹೀಗೆ ಮಾತನಾಡುವ ಸ್ವಾತಂತ್ರ್ಯವಿಲ್ಲವೆಂಬುದನ್ನು ಮರೆಯಬಾರದು. ಲಂಡನ್ನಿನ ಸರಕಾರಿ ನೌಕರರಲ್ಲಿ 1967ರಿಂದ ನಡೆಸಿದ ವೈಟ್‌ಹಾಲ್ ಅಧ್ಯಯನದಲ್ಲಿ, ಅತಿ ಕೆಳದರ್ಜೆಯವರ ಹೃದ್ರೋಗ ಮರಣವು ಅತಿ ಮೇಲ್ದರ್ಜೆಯವರಿಗಿಂತ ಸುಮಾರು ಮೂರು ಪಟ್ಟು ಹೆಚ್ಚಾಗಿತ್ತು. ಧೂಮಪಾನ, ರಕ್ತದೊತ್ತಡ ಮುಂತಾದವನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಅಂತರವು ಪೂರ್ತಿ ಅಳಿಯಲಿಲ್ಲ. ಆದುದರಿಂದ ಕೈಕೆಳಗೆ ಜನರಿರುವವರು ತಮಗೇನು ಬೇಕೆಂಬುದನ್ನು ಕೇಳುವ ಮೊದಲೇ ಸ್ಪಷ್ಟವಾಗಿ ಹೇಳುವುದು ಉಪಕಾರವಲ್ಲ, ಕರ್ತವ್ಯ. ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಲ್ಲಿ, 35ರಿಂದ 40 ಗಂಟೆ ದುಡಿಯುವವರಿಗಿಂತ, ಪಾರ್ಶ್ವವಾಯುವಿನ ಅಪಾಯವು ಶೇಕಡಾ 35ರಷ್ಟು ಅಧಿಕವೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು 2021ರಲ್ಲಿ ಅಂದಾಜಿಸಿವೆ. ವಿರಾರ್, ಡೊಂಬಿವಲಿಗಳಿಂದ ರೈಲಿನಲ್ಲಿ ನಿಂತು ಬರುವ ವೇಳೆಯನ್ನು ಯಾವ ಹಾಜರಿ ಪುಸ್ತಕವೂ ಬರೆದುಕೊಳ್ಳುವುದಿಲ್ಲ.

ನಲವತ್ತು ದಾಟಿದವರು ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡ ಮತ್ತು ಸಕ್ಕರೆಯನ್ನು ಪರೀಕ್ಷಿಸಿಕೊಳ್ಳಬೇಕು. ಎದೆಯ ನಡುವೆ ಒತ್ತಿದಂತಹ ನೋವು, ಅದು ತೋಳಿಗೋ ದವಡೆಗೋ ಹರಡುವುದು, ತಣ್ಣನೆಯ ಬೆವರು, ಉಸಿರಾಟದ ಕಷ್ಟ ಕಾಣಿಸಿಕೊಂಡರೆ ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು. ಲೆಕ್ಕಪತ್ರ ಮುಗಿಯಲೆಂದು ಮಾರ್ಚ್ 31ರವರೆಗೆ ಕಾಯಬಾರದು.